ತೂತಿನ ಕನ್ನಡಕವೋ, ನಂಬರ್ ಕನ್ನಡಕವೋ? ದುಡ್ಡು ಕೊಡುವ ಮುಂಚೆ ಓದಿ

ಕಳೆದ ದೀಪಾವಳಿಗೆ ಅಮ್ಮ ಖಾರಾಸೇವೆಗೆ ಹಿಟ್ಟು ಕಲಸುತ್ತಿದ್ದರು. ಚಕ್ಕುಲಿ ಒರಳಿನ ಬಿಲ್ಲೆಗಳಲ್ಲಿ ಅತಿ ಸಣ್ಣ ತೂತಿನದನ್ನು ನಾನು ಎತ್ತಿಕೊಂಡೆ, ತೊಳೆದು ಒರೆಸಿ ಕಣ್ಣಿಗೆ ಹಿಡಿದೆ. ಇನ್ನೊಂದು ಕೈಯಲ್ಲಿ ಅವರ ಬಿಪಿ ಮಾತ್ರೆಯ ಸ್ಟ್ರಿಪ್. ಅದರ ಅಂಚಿನಲ್ಲಿ ಒತ್ತಿದ್ದ ಎಕ್ಸ್‌ಪೈರಿ ತಾರೀಖು ಬರಿಗಣ್ಣಿಗೆ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಬಿಲ್ಲೆಯ ಒಂದು ತೂತು ಕಣ್ಣಿನ ನೇರಕ್ಕೆ ಬಂದದ್ದೇ ತಡ, ಅಂಕಿಗಳು ಬಿಡಿಬಿಡಿಯಾಗಿ ನಿಂತವು. ನನಗೆ 48 ವರ್ಷ. ಓದುವ ಕನ್ನಡಕ ಇಲ್ಲದೆ ಅಷ್ಟು ಸಣ್ಣ ಅಕ್ಷರ ಓದಿ ನಾಲ್ಕು ವರ್ಷವಾಗಿತ್ತು. "ಬಿಲ್ಲೆ ಕೊಡೋ ಇಲ್ಲಿ, ಎಣ್ಣೆ ಕಾದು ಹೊಗೆ ಬರ್ತಿದೆ" ಎಂದು ಅಮ್ಮ ಗದರಿದರು. ಕೊಟ್ಟೆ.

ಈ ಆಟಕ್ಕೆ ಕಾರಣ ಮೊಬೈಲ್‌ನಲ್ಲಿ ಬರುವ ಜಾಹೀರಾತುಗಳು. ಕಪ್ಪು ಪ್ಲಾಸ್ಟಿಕ್ ಕನ್ನಡಕ, ಗಾಜಿನ ಜಾಗದಲ್ಲಿ ಜರಡಿಯ ಹಾಗೆ ತೂತು. 'ದಿನಕ್ಕೆ 15 ನಿಮಿಷ ಹಾಕಿ, ಚಾಳೀಸು ಬಿಟ್ಟುಬಿಡಿ' ಎಂದು ಬರೆದಿರುತ್ತದೆ. ಗೆಳೆಯರು, ನೆಂಟರು, ಆಫೀಸಿನವರು ಇದನ್ನು ನನಗೆ ಕಳಿಸಿ ಕೇಳುವುದು ಒಂದೇ: "ತಗೋಬಹುದಾ? ಇಲ್ಲಾ ಫುಟ್‌ಪಾತ್ ಕನ್ನಡಕ ಸಾಕಾ? ಇಲ್ಲಾ ಡಾಕ್ಟರ್ ಹತ್ರ ಹೋಗಲೇಬೇಕಾ?" ನಾನು ಡಾಕ್ಟರ್ ಅಲ್ಲ. ಆದರೆ ಈ ಮೂರಕ್ಕೂ ಕೈಯಿಂದ ದುಡ್ಡು ಹಾಕಿದ್ದೇನೆ, ಮೂರನ್ನೂ ಬಳಸಿದ್ದೇನೆ.

ಅಳೆಯುವುದು ಹೇಗೆ

ಕನ್ನಡಕ ಕೊಳ್ಳುವಾಗ ನಾವು ಮೊದಲು ಬೆಲೆ ಕೇಳುತ್ತೇವೆ, ಆಮೇಲೆ ಫ್ರೇಮ್ ನೋಡುತ್ತೇವೆ. ನಾನು ಈಗ ಬೇರೆ ಕ್ರಮ ಇಟ್ಟುಕೊಂಡಿದ್ದೇನೆ. ಮೊದಲ ಪ್ರಶ್ನೆ, ನನಗೆ ಸ್ಪಷ್ಟ ಬೇಕಾಗಿರುವುದು ಎಷ್ಟು ದೂರದಲ್ಲಿ? ಪುಸ್ತಕ ಒಂದು ಮೊಳ ದೂರ, ಕಂಪ್ಯೂಟರ್ ಅದಕ್ಕಿಂತ ಸ್ವಲ್ಪ ಆಚೆ, ಬಸ್ಸಿನ ಬೋರ್ಡ್ ಇನ್ನೂ ಎಷ್ಟೋ ಆಚೆ. ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ಆಗಲಿಕ್ಕಿಲ್ಲ. ಎರಡನೆಯದು, ಹಾಕಿಕೊಂಡು ಓಡಾಡಬೇಕೋ, ಕೂತಲ್ಲೇ ಸಾಕೋ? ಆಮೇಲೆ ಬೆಳಕು. ಸಂಜೆ ಮಂದ ಬೆಳಕಿನಲ್ಲಿ ಕೆಲಸ ಇರುವವರಿಗೆ ಇದು ದೊಡ್ಡ ವಿಷಯ. ಒಂದೇ ಸಲಕ್ಕೆ ಎಷ್ಟು ಹೊತ್ತು ಹಾಕಿಕೊಳ್ಳಬೇಕು ಎನ್ನುವುದು ನಾಲ್ಕನೆಯದು.

ಕೊನೆಯದನ್ನು ಯಾರೂ ಕೇಳುವುದಿಲ್ಲ, ನನ್ನ ಲೆಕ್ಕದಲ್ಲಿ ಅದಕ್ಕೇ ತೂಕ ಜಾಸ್ತಿ. ಈ ಸಾಧನ ಕಣ್ಣಿನ ಬೇರೆ ಕಾಯಿಲೆಯನ್ನು ಹೊರಗೆ ತರುತ್ತದೆಯೋ, ಇಲ್ಲ ಮುಚ್ಚಿಡುತ್ತದೆಯೋ? ಇಷ್ಟಾದ ಮೇಲೆ ಬೆಲೆ.

ತೂತಿನೊಳಗೆ ನಡೆಯುವುದೇನು

ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರಿಗೆ ಗೈಡುಗಳು ತಪ್ಪದೆ ತೋರಿಸುವ ಒಂದು ಜಾಗ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದು, ಎದುರಿನ ಗೋಡೆಯ ಮೇಲೆ ಗೋಪುರದ ಬಿಂಬ ತಲೆಕೆಳಗಾಗಿ ಬೀಳುತ್ತದೆ. ಅಲ್ಲಿ ಯಾವ ಗಾಜೂ ಇಲ್ಲ, ಲೆನ್ಸೂ ಇಲ್ಲ. ಕಿಂಡಿ ಚಿಕ್ಕದಾದ್ದರಿಂದ ಗೋಪುರದ ಒಂದೊಂದು ಬಿಂದುವಿನಿಂದಲೂ ಸಪೂರವಾದ ಒಂದು ಎಳೆ ಬೆಳಕು ಮಾತ್ರ ಒಳಗೆ ಬರುತ್ತದೆ. ಎಳೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುವುದಿಲ್ಲ, ಚಿತ್ರ ಉಳಿಯುತ್ತದೆ.

ತೂತಿನ ಕನ್ನಡಕದ ಗುಟ್ಟೂ ಅದೇ. ಮಸುಕು ಅಂದರೆ, ಒಂದು ಬಿಂದುವಿನ ಬೆಳಕು ಕಣ್ಣಿನ ಹಿಂಭಾಗದ ರೆಟಿನಾ ಮೇಲೆ ಬಿಂದುವಾಗಿ ಬೀಳದೆ ಚಿಕ್ಕ ವೃತ್ತವಾಗಿ ಹರಡುವುದು. ಮನೆಯೊಳಗಿನ ಬೆಳಕಿನಲ್ಲಿ ಕಣ್ಣಿನ ಪಾಪೆ ಸುಮಾರು 3ರಿಂದ 4 ಮಿ.ಮೀ. ತೆರೆದಿರುತ್ತದೆ. ಅದರ ಮುಂದೆ 1 ಮಿ.ಮೀ. ತೂತು ಇಟ್ಟರೆ ಆ ವೃತ್ತ ಮೂರರಲ್ಲೊಂದು, ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ನಂಬರ್ 1 ಇದ್ದವರಿಗೆ ಕಾಲು, ಮೂರನೇ ಒಂದು ನಂಬರ್ ಇದ್ದಷ್ಟೇ ಮಸುಕು ಉಳಿಯುತ್ತದೆ. ಅದು ಗೊತ್ತೇ ಆಗುವುದಿಲ್ಲ. ನಂಬರ್ 6 ಇದ್ದವರಿಗೆ ಮಾತ್ರ ಇನ್ನೂ ಒಂದೂವರೆ, ಎರಡು ನಂಬರ್‌ನಷ್ಟು ಮಸುಕು ಹಾಗೇ ಇರುತ್ತದೆ. ಅದಕ್ಕೇ ಇದು ಚಿಕ್ಕ ನಂಬರಿನವರಿಗೆ ಪವಾಡದ ಹಾಗೆ, ದೊಡ್ಡ ನಂಬರಿನವರಿಗೆ ಅರ್ಧಂಬರ್ಧ.

ಬೆಳಕಿನ ಲೆಕ್ಕವೂ ಇಲ್ಲೇ ಇದೆ. ಅಗಲ ಮೂರರಲ್ಲೊಂದಾದರೆ ಒಳಗೆ ಬರುವ ಬೆಳಕು ಒಂಬತ್ತರಲ್ಲೊಂದು. ನಾಲ್ಕರಲ್ಲೊಂದಾದರೆ ಹದಿನಾರರಲ್ಲೊಂದು. ಹಾಗಾದರೆ ತೂತು ಇನ್ನೂ ಚಿಕ್ಕದು ಮಾಡಿದರೆ ಇನ್ನೂ ಸ್ಪಷ್ಟ ಕಾಣಬೇಕಲ್ವಾ? ಕಾಣುವುದಿಲ್ಲ. ತೀರಾ ಸಣ್ಣ ತೂತಿನ ಅಂಚಿಗೆ ತಾಗಿ ಬೆಳಕೇ ಹರಡಿಕೊಳ್ಳುತ್ತದೆ, ಮತ್ತೆ ಮಸುಕು. ಕಣ್ಣಿನ ಆಸ್ಪತ್ರೆಯಲ್ಲಿ ಬಳಸುವ ತೂತು ಸುಮಾರು 1.2 ಮಿ.ಮೀ. ಇರುವುದು ಇದಕ್ಕೇ.

ಇದನ್ನು ನೋಡಲು ಏನೂ ಕೊಳ್ಳಬೇಕಾಗಿಲ್ಲ. ಹಳೆಯ ಲಗ್ನಪತ್ರಿಕೆಯ ಗಟ್ಟಿ ಹಾಳೆಗೆ ಗುಂಡುಸೂಜಿಯಿಂದ ಒಂದು ತೂತು ಮಾಡಿ, ಒಂದು ಕಣ್ಣು ಮುಚ್ಚಿ, ಕಿಟಕಿ ಬೆಳಕಿನಲ್ಲಿ ಪೇಪರ್ ಓದಿ. ಹಾಳೆಯೂ ಇಲ್ಲದಿದ್ದರೆ ತೋರುಬೆರಳು ಸುತ್ತಿ ನಡುವೆ ಸಣ್ಣ ಕಿಂಡಿ ಬಿಟ್ಟು ನೋಡಿ. ಕನ್ನಡಕ ಮರೆತು ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕಿರಿದು ಮಾಡಿ ಬೋರ್ಡ್ ಓದುವುದೂ ಇದೇ ಉಪಾಯ.

ನಾಲ್ಕು ವಾರ ಹಾಕಿ ನೋಡಿದೆ

₹350 ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದೆ. ಒಳಗೆ ಒಂದು ಚೀಟಿ. ಅದರಲ್ಲಿ ದೂರದೃಷ್ಟಿ, ಸಮೀಪದೃಷ್ಟಿ, ಚಾಳೀಸು, ತಲೆನೋವು, ಎಲ್ಲಕ್ಕೂ ಇದೇ ಮದ್ದು ಎಂದು ಬರೆದಿತ್ತು. ಎಲ್ಲಕ್ಕೂ ಒಂದೇ ಮದ್ದು ಅನ್ನುವವರನ್ನು ಸಂತೆಯಲ್ಲಿ ನೋಡಿದ್ದೇವೆ, ಬಿಡಿ.

ಬೆಳಿಗ್ಗೆ ವರಾಂಡದ ಬಿಸಿಲಿನಲ್ಲಿ ಪೇಪರ್ ಓದುವಾಗ ಚೆನ್ನಾಗಿತ್ತು. ನಿಜ ಹೇಳಬೇಕೆಂದರೆ ನನ್ನ ಓದುವ ಕನ್ನಡಕಕ್ಕಿಂತ ಒಂದು ವಿಷಯದಲ್ಲಿ ಮೇಲು. ಪೇಪರ್ ಹತ್ತಿರ ತಂದರೂ, ದೂರ ಹಿಡಿದರೂ, ತಲೆ ಎತ್ತಿ ಗೇಟಿನಾಚೆ ನೋಡಿದರೂ ಎಲ್ಲ ಸುಮಾರಾಗಿ ಸ್ಪಷ್ಟ. ಓದುವ ಕನ್ನಡಕದಲ್ಲಿ ತಲೆ ಎತ್ತಿದರೆ ಗೇಟು ಮಸುಕು.

ತೊಂದರೆ ಶುರುವಾದದ್ದು ಸಾಲಿನ ಕೊನೆಗೆ ಹೋದಾಗ. ಕಣ್ಣು ಬಲಕ್ಕೆ ಸರಿದ ಹಾಗೆ ಒಂದು ತೂತು ಬಿಟ್ಟು ಇನ್ನೊಂದು ತೂತಿಗೆ ಹಾರಬೇಕು, ನಡುವೆ ಕಪ್ಪು ಕಂಬಿ. ಓಡುವ ರೈಲಿನಿಂದ ಬೇಲಿಯಾಚೆ ನೋಡಿದ ಹಾಗೆ. ಸಂಜೆ ಟ್ಯೂಬ್‌ಲೈಟಿನಲ್ಲಿ ಇನ್ನೂ ವಿಚಿತ್ರ. ಬೆಳಕು ಕಡಿಮೆ ಅಂತ ಪಾಪೆ ದೊಡ್ಡದಾಗುತ್ತದೆ, ಆಗ ಎರಡು ತೂತಿನ ಬೆಳಕು ಒಟ್ಟಿಗೇ ಕಣ್ಣಿಗೆ ಬರುತ್ತದೆ. 'ಕ' ಅಕ್ಷರದ ಪಕ್ಕ ಅದರದೇ ತೆಳು ನೆರಳಿನ 'ಕ' ಕೂತಿರುತ್ತದೆ. ಅರ್ಧ ಗಂಟೆಗೆ ಹಣೆ ಬಿಗಿಯಿತು.

ಅದನ್ನು ಹಾಕಿಕೊಂಡೇ ಅಡುಗೆಮನೆಗೆ ನಡೆದು ಹೊಸ್ತಿಲಿಗೆ ಎಡವಿದೆ. ಪಕ್ಕದ್ದು, ಕೆಳಗಿನದ್ದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಇದನ್ನು ಹಾಕಿ ಗಾಡಿ ಓಡಿಸುವುದು, ಮೆಟ್ಟಿಲು ಇಳಿಯುವುದು, ಈಳಿಗೆಮಣೆ ಮುಂದೆ ಕೂರುವುದು ಬೇಡವೇ ಬೇಡ. ಬಣ್ಣ ಕಪ್ಪು ಅಂತ ಕೂಲಿಂಗ್ ಗ್ಲಾಸ್ ಅಂದುಕೊಳ್ಳಲೂ ಬೇಡಿ. ಗ್ರಹಣದ ದಿನ ಇದರಿಂದ ಸೂರ್ಯನನ್ನು ನೋಡಿದರೆ ತೂತಿನಿಂದ ನೇರ ಬಿಸಿಲು ರೆಟಿನಾಕ್ಕೆ ಬೀಳುತ್ತದೆ. ಸುಟ್ಟುಹೋದದ್ದು ಮತ್ತೆ ಸರಿಯಾಗದೆ ಇರಬಹುದು.

ಇನ್ನು ದೊಡ್ಡ ಪ್ರಶ್ನೆ. ನಂಬರ್ ಇಳಿಯುತ್ತದೆಯೇ? ನಾಲ್ಕು ವಾರ ದಿನಾ 15 ನಿಮಿಷ ಹಾಕಿದೆ, ಶುರುವಿಗೂ ಕೊನೆಗೂ ಟೆಸ್ಟ್ ಮಾಡಿಸಿದೆ. ನನ್ನ ನಂಬರ್ ಕಾಲು ಪಾಯಿಂಟೂ ಕದಲಲಿಲ್ಲ. ಒಬ್ಬನ ಅನುಭವ ಪುರಾವೆಯಲ್ಲ, ಸರಿ. ಆದರೆ ಕಾರಣ ನೋಡಿ. ನಲವತ್ತರ ನಂತರ ಹತ್ತಿರದ್ದು ಕಾಣದಿರುವುದು ಕಣ್ಣೊಳಗಿನ ಮಸೂರ ಗಟ್ಟಿಯಾಗಿ, ಬಾಗುವ ಗುಣ ಕಳೆದುಕೊಳ್ಳುವುದರಿಂದ. ದೂರದ್ದು ಕಾಣದ ಮಕ್ಕಳಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆಯೇ ಉದ್ದವಾಗಿರುತ್ತದೆ. 1 ಮಿ.ಮೀ. ಉದ್ದವಾದರೆ ಸುಮಾರು ಎರಡೂವರೆ, ಮೂರು ನಂಬರ್ ಬರುತ್ತದೆ. ಮುಂದೆ ತೂತಿನ ಪ್ಲಾಸ್ಟಿಕ್ ಇಟ್ಟರೆ ಗಟ್ಟಿಯಾದ ಮಸೂರ ಮೆತ್ತಗಾಗುವುದಿಲ್ಲ, ಉದ್ದವಾದ ಗುಡ್ಡೆ ಗಿಡ್ಡವಾಗುವುದೂ ಇಲ್ಲ. ಹಾಕಿಕೊಂಡಷ್ಟು ಹೊತ್ತು ಸ್ಪಷ್ಟ, ತೆಗೆದರೆ ಮೊದಲಿನ ಹಾಗೆ. ಅಮೆರಿಕದಲ್ಲಿ ಇಂಥ ಕನ್ನಡಕ ಮಾರುತ್ತಿದ್ದವರು ದೃಷ್ಟಿ ಸುಧಾರಿಸುತ್ತದೆ ಎಂದು ಹೇಳಿಕೊಳ್ಳುವುದಕ್ಕೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1990ರ ದಶಕದಲ್ಲೇ ತಡೆ ಹಾಕಿತ್ತು. ಅಲ್ಲಿ ಹೇಳಬಾರದ ಮಾತು ಇಲ್ಲಿ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ.

ಆದರೂ ತೂತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಟೆಸ್ಟ್ ಮಾಡುವವರು ಹಿಡಿಕೆ ಇರುವ ಕಪ್ಪು ಬಿಲ್ಲೆ ಕೊಟ್ಟು "ಇದರಲ್ಲಿ ನೋಡಿ ಓದಿ" ಅನ್ನುವುದನ್ನು ನೋಡಿರಬಹುದು. ತೂತಿನಲ್ಲಿ ಅಕ್ಷರ ಸ್ಪಷ್ಟವಾದರೆ ತೊಂದರೆ ನಂಬರಿನದು, ಕನ್ನಡಕದಿಂದ ಸರಿಹೋಗುವ ಸಂಭವ ಜಾಸ್ತಿ. ತೂತಿನಲ್ಲೂ ಸ್ಪಷ್ಟವಾಗದಿದ್ದರೆ ಪೊರೆಯೋ, ರೆಟಿನಾವೋ, ನರವೋ ಎಂದು ಮುಂದೆ ಹುಡುಕಬೇಕು. ನನ್ನ ಸೋದರತ್ತೆ ಇದೇ ಕನ್ನಡಕ ಹಾಕಿ ನೋಡಿ "ಇನ್ನೂ ಕತ್ತಲಾಗುತ್ತಪ್ಪ, ನಿಂದೇ ಸರಿ ಇಲ್ಲ" ಅಂದರು. ಕನ್ನಡಕ ಸರಿಯಾಗೇ ಇತ್ತು. ಅವರಿಗೆ ಮಸೂರದ ನಡುಮಧ್ಯೆ ಪೊರೆ ಕಟ್ಟಿತ್ತು, ತೂತು ಬೆಳಕನ್ನು ಆ ಪೊರೆಯ ಮೂಲಕವೇ ಕಳಿಸುತ್ತಿತ್ತು. ಆಪರೇಷನ್ ಆದ ಮೇಲೆ ಈಗ ಅವರೇ ರಂಗೋಲಿ ಎಳೆ ಎಳೆಯುತ್ತಾರೆ.

ರೆಡಿಮೇಡ್ ಓದುವ ಕನ್ನಡಕ

ಫುಟ್‌ಪಾತ್, ಮೆಡಿಕಲ್ ಸ್ಟೋರ್, ಜಾತ್ರೆ, ಎಲ್ಲೆಲ್ಲೂ ಸಿಗುತ್ತದೆ. ₹100ರಿಂದ ₹300. ಹೆಚ್ಚಾಗಿ +1ರಿಂದ +3ರವರೆಗೆ ನಂಬರ್. ಕಣ್ಣಿನ ಡಾಕ್ಟರುಗಳು ಇದನ್ನು ಬೈಯುತ್ತಾರೆ ಎಂಬ ಭಾವನೆ ನಮ್ಮಲ್ಲಿದೆ. ನನಗೇನೋ ಇದರ ಮೇಲೆ ಗೌರವ ಇದೆ. ಅಸ್ಸಾಂನ ಚಹಾ ತೋಟದಲ್ಲಿ ಎಲೆ ಕೀಳುವ, 40 ದಾಟಿದ 751 ಕೆಲಸಗಾರರ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹತ್ತಿರದ್ದು ಕಾಣುವ ಕನ್ನಡಕ ಸಿಕ್ಕವರ ದಿನದ ಕೊಯ್ಲು, ಸಿಗದವರಿಗಿಂತ ಸುಮಾರು ಶೇಕಡಾ 22ರಷ್ಟು ಜಾಸ್ತಿ ಏರಿತ್ತು. ಅವರಿಗೆ ಸಿಕ್ಕದ್ದು ದುಬಾರಿ ಲೆನ್ಸಲ್ಲ, ಓದುವುದಕ್ಕೆ ಹಾಕುವಂಥ ಸಾದಾ ಕನ್ನಡಕ.

ತೂತಿನ ಕನ್ನಡಕದ ಪಕ್ಕ ಇಟ್ಟು ನೋಡಿ. ಬೆಳಕು ಕಡಿಮೆಯಾಗುವುದಿಲ್ಲ. ಕಂಬಿ ಅಡ್ಡ ಬರುವುದಿಲ್ಲ. ಎರಡು ಗಂಟೆ ಹಾಕಿದರೂ ಸುಸ್ತಿಲ್ಲ. ಸೂಜಿಗೆ ದಾರ ಪೋಣಿಸಲು, ಅಕ್ಕಿ ಆರಿಸಲು ಇದೇ ಸರಿ. ಬೆಲೆಯೂ ಕಡಿಮೆ. ದೂರದ್ದು ಬರಿಗಣ್ಣಿಗೆ ಚೆನ್ನಾಗಿ ಕಾಣುವ, ಎರಡೂ ಕಣ್ಣು ಒಂದೇ ಸಮ ಇರುವ, ನಲವತ್ತು ದಾಟಿದವರಿಗೆ ತೂತಿನ ಕನ್ನಡಕಕ್ಕೆ ಕೊಡುವ ದುಡ್ಡಿನಲ್ಲಿ ಇದು ಎರಡು ಬರುತ್ತದೆ. ಒಂದು ದೇವರಮನೆಗೆ, ಒಂದು ಬ್ಯಾಗಿಗೆ.

ಸೋಲುವುದು ಎಲ್ಲಿ ಅಂದರೆ, ಎರಡೂ ಕಡೆ ಒಂದೇ ನಂಬರ್. ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಎರಡು ಬೇಕಾದವರಿಗೆ ಒಂದು ಕಣ್ಣು ಸದಾ ಹೆಣಗಾಡುತ್ತದೆ. ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದವರಿಗೆ ಬೇಕಾಗುವ ಸಿಲಿಂಡರ್ ನಂಬರ್ ಇದರಲ್ಲಿ ಇರುವುದೇ ಇಲ್ಲ. ಲೆನ್ಸಿನ ನಡುಬಿಂದುಗಳ ದೂರವೂ ಸರಾಸರಿ ಮುಖಕ್ಕೆ ಮಾಡಿದ್ದು. ನಿಮ್ಮ ಕಣ್ಣುಗಳ ನಡುವಿನ ಅಂತರ ಅದಕ್ಕಿಂತ ತುಂಬ ಬೇರೆಯಿದ್ದರೆ ತಲೆನೋವು ಗ್ಯಾರಂಟಿ.

ನಂಬರ್ ಆರಿಸುವಾಗ ಬಹಳ ಜನ ಮಾಡುವ ತಪ್ಪು, ಅಕ್ಷರ ದಪ್ಪ ಕಂಡದ್ದನ್ನೇ ಕೊಳ್ಳುವುದು. 100ನ್ನು ನಂಬರಿನಿಂದ ಭಾಗಿಸಿ. +2 ಅಂದರೆ 50 ಸೆ.ಮೀ., +2.5 ಅಂದರೆ 40 ಸೆ.ಮೀ. ದೂರದ್ದು ಚೆನ್ನಾಗಿ ಕಾಣುವ ಅರವತ್ತರ ಕಣ್ಣಿಗೆ ಆ ದೂರದ ಆಸುಪಾಸಿನಲ್ಲಿ ಮಾತ್ರ ಸ್ಪಷ್ಟ. +3 ಕೊಂಡವರು ಪುಸ್ತಕವನ್ನು ಮೂಗಿನ ಹತ್ತಿರ ತಂದು ಓದುತ್ತಾ "ಕಣ್ಣು ಹಾಳಾಯ್ತು" ಅನ್ನುತ್ತಾರೆ. ನಲವತ್ತೈದರ ಒಳಗೆ ಸಾಮಾನ್ಯವಾಗಿ +1 ಸಾಕು, ಐವತ್ತರ ಸುಮಾರಿಗೆ +1.5ರಿಂದ +2, ಅರವತ್ತಕ್ಕೆ +2.5. ಆರಾಮಾಗಿ ಓದಲು ಆಗುವ ಅತಿ ಕಡಿಮೆ ನಂಬರ್ ತೆಗೆದುಕೊಳ್ಳಿ.

ಟೆಸ್ಟ್ ಮಾಡಿಸಿದ ಕನ್ನಡಕ

ಮೇಲಿನ ಎರಡೂ ಮಾಡದ ಒಂದು ಕೆಲಸ ಇಲ್ಲಿ ಆಗುತ್ತದೆ. ಯಾರೋ ಒಬ್ಬರು ನಿಮ್ಮ ಕಣ್ಣನ್ನು ನೋಡುತ್ತಾರೆ. ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನಕ್ಕೆ ಹಾಳಾಗುವ ಕಾಯಿಲೆ, ಶುರುವಿನಲ್ಲಿ ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಅಕ್ಷರವನ್ನೂ ಮಸುಕು ಮಾಡುವುದಿಲ್ಲ. ಸದ್ದಿಲ್ಲದೆ ಅಂಚಿನಿಂದ ದೃಷ್ಟಿ ತಿನ್ನುತ್ತಾ ಬರುತ್ತದೆ. ಸಕ್ಕರೆ ಕಾಯಿಲೆ ರೆಟಿನಾಕ್ಕೆ ಮಾಡುವ ಹಾನಿಯೂ ಬಹಳ ದಿನ ಗೊತ್ತಾಗುವುದಿಲ್ಲ. ಇಂಥವರು ತೂತಿನಲ್ಲಿ ಓದಿ "ಕಣ್ಣು ಚೆನ್ನಾಗಿದೆ" ಎಂದು ಎರಡು ವರ್ಷ ತಳ್ಳಿದರೆ ಆ ₹350 ಎಷ್ಟು ದುಬಾರಿಯಾಗುತ್ತದೆ, ಯೋಚಿಸಿ. ಒಂದು ಮಾತು: ಆಪ್ಟಿಕಲ್ ಅಂಗಡಿಯ ಉಚಿತ ಟೆಸ್ಟಿನಲ್ಲಿ ಸಿಗುವುದು ನಂಬರ್ ಮಾತ್ರ. ಕಣ್ಣಿನ ಒತ್ತಡ, ರೆಟಿನಾ ನೋಡಿಸಬೇಕಾದರೆ ಕಣ್ಣಿನ ಡಾಕ್ಟರ್ ಹತ್ತಿರವೇ ಹೋಗಬೇಕು. ನಲವತ್ತಾದ ಮೇಲೆ ಒಮ್ಮೆ ನೋಡಿಸಿ. ಶುಗರ್ ಇದ್ದರೆ ವರ್ಷಕ್ಕೊಮ್ಮೆ. ಶುಗರ್ ಏರಿಳಿತ ಜೋರಾಗಿರುವ ದಿನಗಳಲ್ಲಿ ಕನ್ನಡಕಕ್ಕೆ ಆರ್ಡರ್ ಕೊಡಬೇಡಿ, ನಂಬರೇ ಬದಲಾಗುತ್ತಿರುತ್ತದೆ.

ಖರ್ಚಿನ ವಿಷಯಕ್ಕೆ ಬಂದರೆ, ನಮ್ಮ ಬಡಾವಣೆಯಲ್ಲಿ ಸಾದಾ ಫ್ರೇಮ್, ಸಾದಾ ಲೆನ್ಸ್ ₹700ರಿಂದ ₹1,500ಕ್ಕೆ ಆಗುತ್ತದೆ. ಬೈಫೋಕಲ್ ಸ್ವಲ್ಪ ಮೇಲೆ. ಪ್ರೋಗ್ರೆಸಿವ್ ಮೂರು ಸಾವಿರಕ್ಕೆ ಶುರುವಾದರೆ ಎಲ್ಲಿ ನಿಲ್ಲುತ್ತದೋ ಹೇಳಲಾರೆ. ನಂಬರ್ ಕನ್ನಡಕದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಇಳಿದಿದೆಯೇ ನೋಡಿಕೊಳ್ಳಿ.

ಬೈಫೋಕಲ್‌ನಲ್ಲಿ ಗೆರೆ ಕಾಣುತ್ತದೆ, ಮೇಲಿನ ಭಾಗ ದೂರಕ್ಕೆ, ಕೆಳಗಿನದ್ದು ಓದಲಿಕ್ಕೆ. ನಡುವಿನ ಕಂಪ್ಯೂಟರ್ ದೂರ ಎರಡಕ್ಕೂ ಸೇರದೆ ತಪ್ಪಿಹೋಗುತ್ತದೆ. ಪ್ರೋಗ್ರೆಸಿವ್‌ನಲ್ಲಿ ಗೆರೆ ಇಲ್ಲ, ಮೂರೂ ದೂರ ಸಿಗುತ್ತದೆ, ಆದರೆ ಎರಡೂ ಪಕ್ಕದ ಅಂಚಿನಲ್ಲಿ ಮಸುಕು. ಮೊದಲ ವಾರ ನೆಲ ತೇಲಿದ ಹಾಗೆ ಅನ್ನಿಸುತ್ತದೆ. ನನ್ನದು ಪ್ರೋಗ್ರೆಸಿವ್. ಮೊದಲು ಮಾಡಿಸಿದ ಅಂಗಡಿಯಲ್ಲಿ ಅಳತೆ ತಪ್ಪಾಗಿ, ಓದುವ ಭಾಗ ಎರಡು ಮಿ.ಮೀ. ಕೆಳಗೆ ಕೂತಿತ್ತು. ಗದ್ದ ಎತ್ತಿ ಎತ್ತಿ ಕತ್ತು ನೋವು ಬಂತು. ನಾಲ್ಕು ಸಲ ಅಲೆದ ಮೇಲೆ ಬದಲಾಯಿಸಿಕೊಟ್ಟರು. ಮನೆ ಮೆಟ್ಟಿಲು ಕಡಿದಾಗಿದ್ದು ವಯಸ್ಸು ಎಪ್ಪತ್ತು ದಾಟಿದ್ದರೆ, ಮೊದಲ ಬಾರಿಗೆ ಪ್ರೋಗ್ರೆಸಿವ್ ಬೇಡ ಎಂದೇ ನಾನು ಹೇಳುವುದು. ದೂರಕ್ಕೊಂದು, ಓದಲಿಕ್ಕೊಂದು, ಎರಡು ಬೇರೆ ಬೇರೆ ಕನ್ನಡಕ ವಾಸಿ.

ಇಷ್ಟು ದುಡ್ಡು ಇಲ್ಲ ಎನ್ನುವವರು ತೂತಿನ ಕನ್ನಡಕದ ಕಡೆ ತಿರುಗುವುದು ಸಹಜ. ಅವರಿಗೆ ಬೇರೆ ದಾರಿ ಇದೆ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಕಣ್ಣಿನ ತಪಾಸಣೆ ಮಾಡಿ ಕನ್ನಡಕ ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಬೆಂಗಳೂರಿನವರಿಗೆ ಚಾಮರಾಜಪೇಟೆಯ ಮಿಂಟೋ ಇದೆ, 1896ರಿಂದ ಕಣ್ಣು ನೋಡುತ್ತಿರುವ ಸರ್ಕಾರಿ ಆಸ್ಪತ್ರೆ. ಬೆಳಿಗ್ಗೆ ಬೇಗ ಹೋಗಿ, ಒಂದು ದಿನ ರಜೆ ಹಾಕಿ.

ಕಣ್ಣಿಗೆ ಬಿಡುವ ಹನಿ, ಲೇಸರ್

ಇವೆರಡನ್ನೂ ಬೇಗ ಹೇಳಿ ಮುಗಿಸುತ್ತೇನೆ. ಹನಿಯ ಕಥೆ ಮಜವಾಗಿದೆ, ಅದೂ ತೂತಿನದೇ ಕಥೆ. ಪೈಲೋಕಾರ್ಪಿನ್ ಎಂಬ ಔಷಧ ಕಣ್ಣಿಗೆ ಬಿಟ್ಟರೆ ಪಾಪೆ ಕೆಲವು ಗಂಟೆ ಚಿಕ್ಕದಾಗುತ್ತದೆ. ಅಂದರೆ ನಿಮ್ಮ ಪಾಪೆಯೇ ಸೂಜಿತೂತು, ಇಂಗ್ಲಿಷಿನ ಪಿನ್‌ಹೋಲ್. ಅಮೆರಿಕದಲ್ಲಿ ಚಾಳೀಸಿಗೆಂದು ಇದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ 2024ರಲ್ಲಿ ಪ್ರೆಸ್‌ವ್ಯೂ ಎಂಬ ಹನಿಗೆ ಔಷಧ ನಿಯಂತ್ರಕರ ಅನುಮತಿ ಸಿಕ್ಕಿ, 'ಓದುವ ಕನ್ನಡಕವೇ ಬೇಡ' ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಸೆಪ್ಟೆಂಬರ್‌ನಲ್ಲಿ, ಅನುಮತಿ ಮೀರಿ ಪ್ರಚಾರ ಮಾಡಿದ ಕಾರಣಕ್ಕೆ ಆ ಅನುಮತಿಯನ್ನೇ ಅಮಾನತಿನಲ್ಲಿಟ್ಟರು. ಈ ಔಷಧದಿಂದ ತಲೆನೋವು ಬರಬಹುದು, ರಾತ್ರಿ ಮಬ್ಬು ಕಾಣಬಹುದು. ಡಾಕ್ಟರ್ ಕೇಳದೆ ಮುಟ್ಟುವಂಥದ್ದಲ್ಲ. ಪಿನ್‌ಹೋಲ್ ಉಪಾಯ ಆಪರೇಷನ್ ಥಿಯೇಟರಿಗೂ ಹೋಗಿದೆ. ಪೊರೆ ತೆಗೆದ ಮೇಲೆ ಕಣ್ಣಿನೊಳಗೆ ಇಡುವ, ನಡುವೆ ಕಿರು ಕಿಂಡಿ ಬಿಟ್ಟ ಐಸಿ-8 ಎಂಬ ಲೆನ್ಸಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು.

ಲೇಸರ್ ಹೆಚ್ಚಾಗಿ ದೂರದ ನಂಬರ್ ಇರುವ ಯುವಕರಿಗೆ. ನಂಬರ್ ನಿಂತಿರಬೇಕು, ಹದಿನೆಂಟು ದಾಟಿರಬೇಕು. ಕನ್ನಡಕ ಬಿಡಬಹುದು, ಆದರೆ ನಲವತ್ತಕ್ಕೆ ಚಾಳೀಸು ಬಂದೇ ಬರುತ್ತದೆ.

ನಿಮ್ಮದು ಯಾವ ಪೈಕಿ

ಮಗುವಿಗೆ ಬೋರ್ಡ್ ಕಾಣುವುದಿಲ್ಲ ಅಂತಿದ್ದರೆ ಈ ಹೋಲಿಕೆಯೇ ಬೇಡ, ನೇರ ಕಣ್ಣಿನ ಡಾಕ್ಟರ್. ಚಿಕ್ಕ ವಯಸ್ಸಿನಲ್ಲಿ ಒಂದು ಕಣ್ಣಿಗೆ ಸ್ಪಷ್ಟ ಚಿತ್ರ ಸಿಗದಿದ್ದರೆ ಮಿದುಳು ಆ ಕಣ್ಣನ್ನೇ ಬಿಟ್ಟುಬಿಡುತ್ತದೆ, ಅದು ಸೋಮಾರಿ ಕಣ್ಣಾಗುತ್ತದೆ. ಏಳೆಂಟು ವರ್ಷ ದಾಟಿದ ಮೇಲೆ ಸರಿಮಾಡುವುದು ಕಷ್ಟ. ತೂತಿನ ಕನ್ನಡಕ ಕೊಟ್ಟು ನಂಬರ್ ಇಳಿಸುತ್ತೇವೆ ಎಂದು ಆರು ತಿಂಗಳು ಕಳೆಯುವುದು ಆಟವಲ್ಲ.

ನಲವತ್ತೈದರ ಗೃಹಿಣಿ, ದೂರ ಚೆನ್ನಾಗಿದೆ, ಸಾಸಿವೆ ಡಬ್ಬಿಯೂ ಮೊಬೈಲೂ ಮಾತ್ರ ತಕರಾರು: ಒಮ್ಮೆ ಕಣ್ಣು ನೋಡಿಸಿ, ಆಮೇಲೆ ಧೈರ್ಯವಾಗಿ ರೆಡಿಮೇಡ್. ಟೈಲರ್, ಅಕ್ಕಸಾಲಿಗ, ಮೊಬೈಲ್ ರಿಪೇರಿಯವರು ದಿನಕ್ಕೆ ಎಂಟು ಗಂಟೆ ಹತ್ತಿರದ ಕೆಲಸ ಮಾಡುವವರು, ಇವರಿಗೆ ಟೆಸ್ಟ್ ಮಾಡಿಸಿದ್ದೇ ಬೇಕು. ಹೋಗುವಾಗ ನಿಮ್ಮ ಕೆಲಸದ ದೂರವನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ ಹೇಳಿ. ಕಂಪ್ಯೂಟರ್ ಮುಂದೆ ಕೂರುವವರೂ ಅಷ್ಟೇ. ಗಾಡಿ ಓಡಿಸುವವರಿಗೆ ಟೆಸ್ಟ್ ಮಾಡಿಸಿದ ದೂರದ ಕನ್ನಡಕ ಬಿಟ್ಟು ಬೇರೆ ಮಾತೇ ಇಲ್ಲ.

ಹಾಗಾದರೆ ತೂತಿನದು ಯಾರಿಗೆ? ದೂರದ ನಂಬರ್ ಇರುವವರು ಪ್ರಯಾಣಕ್ಕೆ ಹೋಗುವಾಗ, ಕನ್ನಡಕ ಮುರಿದರೆ ಅಂತ ಬ್ಯಾಗಿನ ತಳಕ್ಕೆ ಒಂದು ಹಾಕಿಟ್ಟುಕೊಳ್ಳಬಹುದು. ಹೊಸ ಕನ್ನಡಕ ಬರುವವರೆಗೆ ಕೂತು ಟಿವಿ ನೋಡಲು ಆಗುತ್ತದೆ, ನಂಬರ್ ಚಿಕ್ಕದಿದ್ದರೆ ಮಾತ್ರ. ಹೈಸ್ಕೂಲ್ ಮೇಷ್ಟ್ರಿಗೆ ಬೆಳಕಿನ ಪಾಠಕ್ಕೆ ಒಳ್ಳೆಯ ಸಾಮಾನು. ನನ್ನದು ಈಗ ಕರೆಂಟ್ ಬಿಲ್ಲುಗಳ ಡ್ರಾಯರಿನಲ್ಲಿದೆ. ಯಾರಾದರೂ ನೆಂಟರು "ಕಣ್ಣು ಮಂಜಾಗಿದೆ" ಅಂದರೆ ಹೊರಗೆ ತೆಗೆಯುತ್ತೇನೆ, ಒಂದೊಂದೇ ಕಣ್ಣಿಗೆ ಹಿಡಿಸಿ ಕ್ಯಾಲೆಂಡರ್ ಓದಿಸುತ್ತೇನೆ. ಓದಿದರೆ "ನಂಬರ್ ಇರಬೇಕು, ಟೆಸ್ಟ್ ಮಾಡಿಸಿ" ಅನ್ನುತ್ತೇನೆ. ಓದದಿದ್ದರೆ "ಈ ವಾರವೇ ಆಸ್ಪತ್ರೆಗೆ ಹೋಗಿ" ಅನ್ನುತ್ತೇನೆ. ಎರಡೂ ಸಲ ಡಾಕ್ಟರ್ ಹತ್ತಿರವೇ ಕಳಿಸುವುದು, ಅವಸರ ಮಾತ್ರ ಬೇರೆ. ಕಣ್ಣಿಗೆ ಇದ್ದಕ್ಕಿದ್ದಂತೆ ಕತ್ತಲೆ ಬಂದರೆ, ಮಿಂಚು ಕಂಡರೆ, ಪರದೆ ಇಳಿದ ಹಾಗೆ ಆದರೆ ಈ ಪರೀಕ್ಷೆಗೂ ಕಾಯಬೇಡಿ, ಅದೇ ದಿನ ಹೊರಡಿ.

ಅಂಗಡಿಯಲ್ಲಿ

ರೆಡಿಮೇಡ್ ಕೊಳ್ಳುವಾಗ ಅದನ್ನು ಕೈಯಲ್ಲಿ ದೂರ ಹಿಡಿದು ಲೆನ್ಸಿನ ಮೂಲಕ ಬಾಗಿಲ ಚೌಕಟ್ಟನ್ನೋ ನೆಲದ ಟೈಲ್ಸ್ ಗೆರೆಯನ್ನೋ ನೋಡಿ, ನಿಧಾನಕ್ಕೆ ಆಚೀಚೆ ಆಡಿಸಿ. ಗೆರೆ ನೀರಿನಲ್ಲಿ ಕಂಡ ಹಾಗೆ ನಡುನಡುವೆ ಕುಲುಕಿದರೆ ಲೆನ್ಸ್ ಕಳಪೆ, ಇನ್ನೊಂದು ಕೊಡಿ ಅನ್ನಿ. ಅಂಗಡಿಯವರ ಕಾರ್ಡ್ ಓದಿ ಮೋಸಹೋಗಬೇಡಿ, ಅದರ ಅಕ್ಷರ ದಪ್ಪ ಇರುತ್ತದೆ. ಜೇಬಿನಲ್ಲಿ ಒಂದು ಮಾತ್ರೆ ಸ್ಟ್ರಿಪ್ ಇಟ್ಟುಕೊಂಡು ಹೋಗಿ, ಅದನ್ನು ನೀವು ದಿನಾ ಹಿಡಿಯುವ ದೂರದಲ್ಲೇ ಹಿಡಿದು ಓದಿ.

ಟೆಸ್ಟ್ ಮಾಡಿಸಿದ ಮೇಲೆ ನಂಬರ್ ಚೀಟಿ ಕೇಳಿ ಪಡೆಯಿರಿ. ಕೆಲವು ಕಡೆ ಅಲ್ಲೇ ಕನ್ನಡಕ ಮಾಡಿಸಲಿ ಅಂತ ಚೀಟಿ ಕೊಡಲು ಹಿಂದೆಮುಂದೆ ನೋಡುತ್ತಾರೆ. ಬಿಡಬೇಡಿ. ಅದರಲ್ಲಿ ಎರಡು ಕಣ್ಣುಗಳ ಪಾಪೆಯ ನಡುವಿನ ಅಂತರ, ಅವರು ಪಿ.ಡಿ. ಅನ್ನುತ್ತಾರೆ, ಅದನ್ನೂ ಬರೆಸಿಕೊಳ್ಳಿ. ಚೀಟಿಯ ಫೋಟೊ ತೆಗೆದು ಮನೆಯವರ ಮೊಬೈಲಿಗೂ ಒಂದು ಕಳಿಸಿ. ಕನ್ನಡಕ ಕಳೆದ ದಿನ ಆ ಫೋಟೊ ಹುಡುಕಬೇಕಾದವರು ಅವರೇ, ನಿಮಗೆ ಫೋನ್ ಕಾಣುವುದಿಲ್ಲವಲ್ಲ.